ಇಳಿಯದ ಪ್ರಯಾಣಿಕರು

ಜೂನ್ ೪

ಪ್ರೀತಿಯ ಮಗಳಿಗೆ,

ಹೋದ ಸಲ ಫೋನು ಮಾಡಿದಾಗ ‘ಹ್ಞೂಂ ಅಪ್ಪ, ಸರಿ ಅಪ್ಪ, ಇಡ್ಲಾ ಅಪ್ಪ’ ಎಂದು ಮೂರೇ ಮಾತಿನಲ್ಲಿ ಮುಗಿಸಿಬಿಟ್ಟೆ. ಪತ್ರಕ್ಕಾದರೆ ‘ಇಡ್ಲಾ’ ಎನ್ನುವ ಸೌಕರ್ಯವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನು ಆಫೀಸಿನಲ್ಲೇ ಹೆಚ್ಚು ಹೊತ್ತು ಇರುವವಳಾದ್ದರಿಂದ ಅಲ್ಲಿನ ವಿಳಾಸಕ್ಕೇ ಹಾಕುತ್ತೇನೆ.

ಟು ದಿ ಪಾಯಿಂಟ್ ಬರುತ್ತೇನೆ. ನಮ್ಮೂರಿನ ಬಸ್ಸನ್ನು ನಿಲ್ಲಿಸುತ್ತಾರಂತೆ. ಜನ ಹತ್ತುವುದಿಲ್ಲ, ಡೀಸೆಲ್ಲಿಗೂ ಹುಟ್ಟುವುದಿಲ್ಲ ಎಂದು ಮೇಲಿನವರ ಅಭಿಪ್ರಾಯ. ಯಾವ ದಿನವೆಂದು ಹೇಳದೆ ಬಂದು ತಲೆ ಎಣಿಸಿಕೊಂಡು ಹೋಗುತ್ತಾರಂತೆ. ಹೋದ ವಾರ ಪಂಚಾಯಿತಿ ಅಧ್ಯಕ್ಷರು ಸಹಕಾರ ಸಂಘದ ಗೋದಾಮಿನ ಜಗುಲಿಯ ಮೇಲೆ ಎಲ್ಲರನ್ನೂ ಕೂಡಿಸಿ, “ತಲೆ ಇದ್ರೆ ಸಾಕಂತೆ. ತಲೆ ಒಳಗೆ ಏನಿದೆ ಅಂತ ಯಾರೂ ನೋಡಲ್ಲ” ಎಂದರು. ಕಮ್ಮಾರ ಹಿಂದಿನಿಂದ, “ಹಾಗಾದ್ರೆ ಅಧ್ಯಕ್ಷರೇ ಮೊದಲು ಹತ್ತಲಿ” ಎಂದ. ಸಭೆ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೂ ಒಂದು ತೀರ್ಮಾನವಾಯಿತು. ದಿನಕ್ಕೊಂದು ಬೀದಿಯವರು ಬಸ್ಸು ಹತ್ತುವುದು, ಪೇಟೆಯವರೆಗೆ ಹೋಗುವುದು, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬರುವುದು. ಇಳಿದರೆ ಬರುವ ಬಸ್ಸು ಖಾಲಿಯಾಗುತ್ತದಲ್ಲ! ಟಿಕೆಟ್ಟಿನ ಖರ್ಚು ಸಂಘದ್ದು.

ಯಾವ ದಿನ ಯಾರು ಎಂದು ಗೊತ್ತುಮಾಡುವ ಕೆಲಸ ನನ್ನ ತಲೆಗೆ ಬಂತು. ಗೋದಾಮಿನಲ್ಲಿ ಇಷ್ಟು ವರ್ಷ ಮೂಟೆ ತೂಗಿದವನಿಗೆ ಜನರನ್ನು ತುಂಬುವುದು ಕಷ್ಟವೇ ಎಂದರು. ಎಲ್ಲರೂ ಈಗಲೂ ‘ತಕ್ಕಡಿ ಅಣ್ಣ’ ಎಂದೇ ಕರೆಯುವುದು, ನಿನಗೆ ಗೊತ್ತಲ್ಲ. ಬಾ ಎಂದು ಬಲವಂತ ಮಾಡುವಂತಿಲ್ಲ, ಬಾರದಿದ್ದರೆ ಬಿಡುವಂತೆಯೂ ಇಲ್ಲ. ಕಂಪಲ್ಸರಿ ಅಲ್ಲ, ವಾಲಂಟರಿಯೂ ಅಲ್ಲ. ಇವೆರಡರ ನಡುವೆ ಒಂದು ಇಂಗ್ಲಿಷ್ ಶಬ್ದವಿತ್ತು, ಕಾಲೇಜಿನಲ್ಲಿ ಓದಿದ್ದೆ. ನಾಲಿಗೆಯ ತುದಿಯವರೆಗೆ ಬಂದು ಇಳಿದುಹೋಗುತ್ತಿದೆ.

ಬಸ್ಸಿನೊಳಗಿನ ಚೆಂದ ನೀನು ನೋಡಬೇಕು. ಹೆಂಗಸರು ಮೊರ ತಂದು ಕಾಳು ಆರಿಸುತ್ತಾರೆ. ಕಮ್ಮಾರ ಹತ್ತಿದ ಕೂಡಲೆ ಬಾಯಿ ತೆರೆದು ಮಲಗುತ್ತಾನೆ. ಪೇಟೆ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ. ನಿನ್ನ ಸೋದರತ್ತೆ ಕಿಟಕಿಯ ಪಕ್ಕ ಕೂತು ದಾರಿಯಲ್ಲಿ ಸಿಕ್ಕವರ ಹೊಲವನ್ನೆಲ್ಲ ಬೈದುಕೊಂಡು ಬರುತ್ತಾಳೆ, “ಕಳೆ ಕೀಳೋಕೆ ಏನು ರೋಗ ಇವನಿಗೆ?” ಎಂದು. ಪೇಟೆಯ ನಿಲ್ದಾಣದಲ್ಲಿ ಕಂಡಕ್ಟರ್ “ಇಳೀರಪ್ಪಾ, ಕೊನೇ ಸ್ಟಾಪು” ಎಂದು ಕೂಗಿ, ಯಾರೂ ಅಲುಗದಿದ್ದರೆ ತಾನೇ ನಕ್ಕು ಟೀ ಕುಡಿಯಲು ಹೋಗುತ್ತಾನೆ. ಅವನಿಗೆಲ್ಲ ಗೊತ್ತು. ಈ ಮಾರ್ಗ ನಿಂತರೆ ಅವನಿಗೂ ದೂರದ ಡಿಪೋಗೆ ವರ್ಗವಾಗುತ್ತದೆ.

ಈಗ ನಿಂತುಕೊಳ್ಳಲೂ ಜಾಗವಿಲ್ಲ ಎಂದರೆ ನೀನು ನಂಬುವುದಿಲ್ಲ. ಶುಕ್ರವಾರ ಕುಂಬಾರನ ಹೆಂಡತಿ ಸೀಟು ಸಿಗದೆ ಬಾಗಿಲ ಮೆಟ್ಟಿಲ ಮೇಲೆ ಚೀಲ ಹಾಕಿಕೊಂಡು ಕೂತಿದ್ದಳು. ಪಾಪ, ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು ಅವಳು. ಅಷ್ಟು ಫುಲ್!

ಇಲ್ಲಿ ಎಲ್ಲ ಕ್ಷೇಮ. ಛಾವಣಿಯ ಎರಡು ಹಂಚು ಜಾರಿವೆ. ಅಡುಗೆಮನೆಯಲ್ಲಿ ನಿಮ್ಮಮ್ಮ ಹೊಡೆದ ಮೊಳೆಗಳನ್ನೆಲ್ಲ ನಿನ್ನತ್ತೆ ಕೀಳಿಸಬೇಕೆನ್ನುತ್ತಾಳೆ. ನಾನು ಸುತ್ತಿಗೆ ಸಿಗುತ್ತಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ.

ನಿನ್ನ ಅಪ್ಪ


ಜೂನ್ ೧೧

ಅಪ್ಪನಿಗೆ,

ನಿಮ್ಮ ಪತ್ರವನ್ನು ಊಟದ ಹೊತ್ತಿನಲ್ಲಿ ಓದಿದೆ. ಓದುತ್ತ ನಕ್ಕೆ, ಆಮೇಲೆ ಅದನ್ನು ಮಡಿಚಿ ಚೀಲದ ತಳಕ್ಕೆ ಹಾಕಿದೆ.

ನಿಮಗೆ ಒಂದು ಸಂಗತಿ ಹೇಳಿರಲಿಲ್ಲ. ನಮ್ಮ ಸಾರಿಗೆ ಕಚೇರಿಯಲ್ಲಿ ನಾನು ಈಗ ಸಂಬಳದ ವಿಭಾಗದಲ್ಲಿಲ್ಲ. ಚಳಿಗಾಲದ ಕೊನೆಯಲ್ಲೇ ಮಾರ್ಗಗಳ ವಿಭಾಗಕ್ಕೆ ಹಾಕಿದರು. ಯಾವ ಊರಿಗೆ ಬಸ್ಸು ಇರಬೇಕು, ಯಾವುದಕ್ಕೆ ಬೇಡ ಎನ್ನುವ ಕಡತಗಳು ನನ್ನ ಮೇಜಿಗೆ ಬರುತ್ತವೆ. ನಮ್ಮೂರಿನದು ಬಂದು ಕೂತಿದೆ.

ಇನ್ನು ಮುಂದೆ ಬಸ್ಸಿನ ವಿಷಯ ನನಗೆ ಬರೆಯಬೇಡಿ. ಬೇರೆ ಏನು ಬೇಕಾದರೂ ಬರೆಯಿರಿ. ಕಚೇರಿಯ ವಿಳಾಸಕ್ಕಂತೂ ಬೇಡವೇ ಬೇಡ.

ಹಂಚು ಸರಿಮಾಡಲು ನೀವು ಏಣಿ ಹತ್ತಬೇಡಿ. ಅತ್ತೆಗೆ ನನ್ನ ನಮಸ್ಕಾರ. ಮೊಳೆಗಳು ಇರಲಿ ಎಂದು ನಾನು ಹೇಳಿದೆನೆಂದು ಹೇಳಿ.

ನಿಮ್ಮ ಮಗಳು


ಜೂನ್ ೧೯

ಮಗಳೇ,

ನೀನು ಹೇಳಿದಂತೆಯೇ ಆಗಲಿ. ಈ ಪತ್ರದಲ್ಲಿ ಅದರ ವಿಷಯ ಬರೆಯುವುದಿಲ್ಲ.

ಪಕ್ಕದ ಮನೆಯ ಮೇಕೆ ಮೂರು ಮರಿ ಹಾಕಿದೆ. ಒಂದು ಮರಿ ಬಲು ಕಿಲಾಡಿ. ನಿನ್ನೆ ರಸ್ತೆಗೆ ಓಡಿ ಬಂದು ಅದರ ಚಕ್ರದ ಕೆಳಗೆ, ಅಂದರೆ ಒಂದು ವಾಹನದ ಚಕ್ರದ ಕೆಳಗೆ, ಸಿಗುವುದರಲ್ಲಿತ್ತು. ಡ್ರೈವರು ಬ್ರೇಕು ಹಾಕಿದ. ಒಳಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಎಷ್ಟು ಜನ ಇದ್ದರು ಎಂದು ಬರೆಯುವುದಿಲ್ಲ.

ಹಂಚು ಹಾಕಿಸಿದೆ. ಮೇಲೆ ಹತ್ತಿದವನು ಅಲ್ಲಿಂದ ದೂರದ ತಿರುವಿನವರೆಗೆ ಕಾಣುತ್ತದೆ ಎಂದ. ಏನು ಕಾಣುತ್ತದೆ ಎಂದು ನಾನು ಕೇಳಲಿಲ್ಲ.

ಈ ಊರಿನಲ್ಲಿ ಅದನ್ನು ಬಿಟ್ಟು ಬರೆಯುವುದು ಸುಲಭವಿಲ್ಲವಮ್ಮ. ಬೆಳಿಗ್ಗೆ ಅದರ ಹಾರನ್ ಕೇಳಿಯೇ ಹಾಲು ಕಾಯಿಸುವುದು.

ನಿನ್ನ ಪತ್ರದ ಮಾತು ನಿನ್ನತ್ತೆಯ ಹತ್ತಿರ ಆಡಿದೆ, ಮನೆಯವಳಲ್ಲವೇ ಎಂದು. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿ, “ಮಗಳು ಮೇಜಿನ ಆ ಕಡೆ ಕೂತಿದಾಳೆ ಅಂದ್ರೆ ನಿಂಗೇನೋ ಚಿಂತೆ? ಒಂದು ಗೀಟು ಎಳೆದ್ರೆ ಆಯ್ತಪ್ಪ” ಎಂದಳು. ಸಂಜೆಯ ಹೊತ್ತಿಗೆ ಅಧ್ಯಕ್ಷರು ನಮ್ಮ ಜಗುಲಿಯ ಮೇಲಿದ್ದರು. ಎಂದೂ ಬಾರದವರು ನನ್ನ ಮಂಡಿನೋವು ವಿಚಾರಿಸಿದರು, ಮೇಕೆಮರಿ ಎತ್ತಿ ಮುದ್ದಿಸಿದರು. ಕೊನೆಗೆ, “ಹುಡುಗಿ ನಮ್ಮೂರ ನೀರು ಕುಡಿದು ಬೆಳೆದೋಳು, ತಕ್ಕಡಿ ಅಣ್ಣ. ಒಂದು ಮಾತು ಬರೀರಿ ಅಷ್ಟೇ” ಎಂದರು.

ನಾನು ನಿನ್ನನ್ನು ಏನೂ ಕೇಳುತ್ತಿಲ್ಲ. ಬರೆಯಿರಿ ಎಂದರು, ಬರೆದಿದ್ದೇನೆ. ನಾಳೆ ಸಿಕ್ಕರೆ ಬರೆದೆ ಎಂದು ಹೇಳಬಹುದು, ದಟ್ ಈಸ್ ಆಲ್. ಈ ಪತ್ರವನ್ನು ನಿನ್ನ ರೂಮಿನ ವಿಳಾಸಕ್ಕೆ ಹಾಕಿದ್ದೇನೆ.

ನಿನ್ನ ಅಪ್ಪ


ಜೂನ್ ೨೮

ಅಪ್ಪನಿಗೆ,

ನೀವು ಕೇಳಿಲ್ಲ, ಆದ್ದರಿಂದ ನಾನು ಇಲ್ಲ ಎಂದೂ ಹೇಳಬೇಕಾಗಿಲ್ಲ.

ಆದರೆ ಒಂದು ವಿಷಯ ನಿಮಗೆ ತಿಳಿಯಬೇಕು. ಎಣಿಸುವವರು ಆಗಲೇ ಎರಡು ಸಲ ಬಂದು ಹೋಗಿದ್ದಾರೆ. ಪೇಟೆಯ ನಿಲ್ದಾಣದಲ್ಲಿ ಕೂತು ನೋಡಿದ್ದಾರೆ. ಬಸ್ಸು ತುಂಬಿ ಬಂತು, ಯಾರೂ ಇಳಿಯಲಿಲ್ಲ, ತುಂಬಿಯೇ ಹೋಯಿತು. ಮೊರದ ಸಮೇತ ಬರೆದುಕೊಂಡು ಬಂದಿದ್ದಾರೆ. ನಮ್ಮ ಅಧಿಕಾರಿ ಅದನ್ನು ಇಡೀ ವಿಭಾಗಕ್ಕೆ ಓದಿ ಹೇಳಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಬೇಕಾಯಿತು. ಆಮೇಲೆ ಅವರು ಕೆಂಪು ಶಾಯಿಯಲ್ಲಿ ‘ಎಲ್ಲರೂ ಸುಳ್ಳು ಪ್ರಯಾಣಿಕರು’ ಎಂದು ಬರೆದು ಕಡತವನ್ನು ನನ್ನ ಮೇಜಿಗೆ ಹಾಕಿದರು.

ಆಗ ನನಗೆ ನಿಮ್ಮ ಮೊದಲ ಪತ್ರದಲ್ಲಿ ಬಾಗಿಲ ಮೆಟ್ಟಿಲ ಮೇಲೆ ಕೂತವಳು ನೆನಪಾದಳು. ಎಣಿಸಿದ ದಿನವೂ ಬಸ್ಸಿನಿಂದ ಇಳಿದವಳು ಒಬ್ಬಳಿರಬೇಕಲ್ಲ? ಇದ್ದಾಳೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಒಬ್ಬ ಹೆಂಗಸು ಇಳಿದರು’ ಎಂದಿದೆ. ಕೆಂಪು ಶಾಯಿ ಅದರ ಮೇಲೂ ಹಾದುಹೋಗಿದೆ.

ಮಾರನೆಯ ದಿನ ಅಧಿಕಾರಿಯ ಬಳಿ ಹೋಗಿ, ಇದು ನನ್ನ ಊರು, ಈ ಕಡತ ನಾನು ನೋಡುವುದು ಸರಿಯಲ್ಲ ಎಂದು ಹೇಳಿ ವಾಪಸು ಕೊಟ್ಟೆ. ಈಗ ಅದು ಬೇರೆಯವರ ಬಳಿಯಿದೆ. ಅಧ್ಯಕ್ಷರಿಗೆ ಇದನ್ನು ನೀವೇ ಹೇಳಿ.

ಇನ್ನೊಂದು ಮಾತು. ಇದನ್ನು ಮಗಳಾಗಿ ಹೇಳುತ್ತಿಲ್ಲ, ಕೌಂಟರಿನಲ್ಲಿ ಯಾರು ಬಂದು ಕೇಳಿದರೂ ಹೇಳುವ ಮಾತು. ಜನ ಕಡಿಮೆಯಿದ್ದರೂ, ಚಿಕಿತ್ಸೆಗೆ ತಪ್ಪದೆ ಹೋಗಲೇಬೇಕಾದ ಒಬ್ಬರು ಇದ್ದು ಅವರಿಗೆ ಬೇರೆ ದಾರಿ ಇಲ್ಲದಿದ್ದರೆ, ಬಸ್ಸನ್ನು ಉಳಿಸಲು ಅವಕಾಶವಿದೆ. ಒಬ್ಬರು ಸಾಕು. ಆದರೆ ಅವರು ಕಾಣಬೇಕು. ನೀವೆಲ್ಲ ಸೇರಿ ಅವರನ್ನು ಮುಚ್ಚಿಬಿಟ್ಟಿದ್ದೀರಿ.

ಆಗಸ್ಟಿನಲ್ಲಿ ಇನ್ನೊಮ್ಮೆ ಎಣಿಸುತ್ತಾರೆ, ಕೊನೆಯ ಸಲ.

ನಿಮ್ಮ ಮಗಳು


ಜುಲೈ ೯

ಮಗಳೇ,

ನಿನ್ನ ಪತ್ರ ಓದಿದೆ. ಕೋಪ ಬಂತೋ ನಾಚಿಕೆಯಾಯಿತೋ ತಿಳಿಯಲಿಲ್ಲ, ಮಿಕ್ಸ್ಡ್ ಫೀಲಿಂಗ್ಸ್. ಕೂತವರನ್ನೆಲ್ಲ ಸಾಲುಸಾಲಾಗಿ ಗೊತ್ತುಮಾಡಿದವನು ನಾನು. ಆ ಮೆಟ್ಟಿಲ ಮೇಲಿದ್ದವಳನ್ನು ‘ಅಷ್ಟು ಫುಲ್’ ಎಂದು ಬರೆದುಬಿಟ್ಟೆನಲ್ಲ.

ಮತ್ತೆ ಸಭೆ ಸೇರಿಸಿದೆ. ಜನರನ್ನು ಬಸ್ಸು ಹತ್ತಿಸುವುದು ಸುಲಭವಿತ್ತು, ಇಳಿಸುವುದು ಮಹಾ ಕಷ್ಟ. ಬಸ್ಸು ಉಳಿಯಬೇಕಾದರೆ ಖಾಲಿ ಬಸ್ಸು ಓಡಬೇಕು ಎಂದರೆ ಯಾರು ನಂಬುತ್ತಾರೆ? “ಏನಣ್ಣ, ಹೋದ ತಿಂಗಳು ತುಂಬಿ ಅಂದ್ರಿ, ಈ ತಿಂಗಳು ಖಾಲಿ ಮಾಡಿ ಅಂತೀರಿ, ನಾವೇನು ನಿಮ್ಮ ಗೋದಾಮಿನ ಮೂಟೆಗಳಾ?” ಎಂದ ಕಮ್ಮಾರ. ಅಧ್ಯಕ್ಷರು ನನ್ನ ಮುಖ ನೋಡದೆ, “ಮಗಳು ಕೈಬಿಟ್ಟಳು ಅನ್ನಿ. ಖಾಲಿ ಬಸ್ಸು ತೋರಿಸಿ ನಿಲ್ಲಿಸಿಬಿಟ್ರೆ ಅವಳಿಗೆ ಮೇಲೆ ಒಳ್ಳೇ ಹೆಸರು” ಎಂದರು. ನಾನು ಎದ್ದು ನಿಂತೆ. ಏನೋ ಹೇಳಬೇಕೆಂದಿದ್ದೆ, ಇಂಗ್ಲಿಷಿನಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ. ಬಂದದ್ದು ನಿನ್ನತ್ತೆಗೆ. “ನಮ್ಮ ಹುಡುಗಿ ಹೆಸರು ಎತ್ತಿದ್ರೆ ನೋಡಿ ಮತ್ತೆ! ಒಬ್ಬಳು ಕಾಯಿಲೆಯೋಳನ್ನ ಬಾಗಿಲಲ್ಲಿ ಕೂರಿಸಿ ನಾವೆಲ್ಲ ಕಿಟಕೀಲಿ ಗಾಳಿ ತಗೊಂಡಿದ್ದು ಸಾಕು. ನಾನಂತೂ ನಾಳೆಯಿಂದ ಹತ್ತಲ್ಲ” ಎಂದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ, ಕೆಲಸವಿಲ್ಲದೆ ಬಸ್ಸು ಹತ್ತುವುದಿಲ್ಲ ಎಂದು ಒಪ್ಪಿದರು.

ಕುಂಬಾರನ ಹೆಂಡತಿ ಸಭೆಗೆ ಬಂದಿರಲಿಲ್ಲ. ನಾನೇ ಅವರ ಮನೆಗೆ ಹೋದೆ. ಗಂಡ ಕೆರೆಯ ಕಡೆ ಮಣ್ಣು ತರಲು ಹೋಗಿದ್ದ. ಅವಳು ಹಿತ್ತಲಲ್ಲಿ ಅರೆ ಒಣಗಿದ ಮಡಕೆಗಳಿಗೆ ಕಲ್ಲಿನಿಂದ ಮೆರುಗು ತಿಕ್ಕುತ್ತಿದ್ದಳು, ಎಡಗೈ ಆದಷ್ಟೂ ದೂರ ಇಟ್ಟುಕೊಂಡು. ನಿಯಮವನ್ನೆಲ್ಲ ಬಿಡಿಸಿ ಹೇಳಿದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಅಂದ್ರೆ ಬಸ್ಸು ನನ್ನೊಬ್ಬಳಿಗೋಸ್ಕರ ಬರುತ್ತೆ ಅಂತಾಯ್ತು.”

“ಹೌದಮ್ಮ.”

“ನಾನು ಹೋಗಿಬಿಟ್ರೆ?”

ಅವಳು ಮಡಕೆ ತಿರುಗಿಸಿ ಇನ್ನೊಂದು ಮಗ್ಗುಲು ತಿಕ್ಕತೊಡಗಿದಳು.

“ನಾನು ಸತ್ತ ದಿನ ಬಸ್ಸೂ ಸಾಯುತ್ತೆ. ದಿನಾ ಬೆಳಿಗ್ಗೆ ಊರೆಲ್ಲ ನನ್ನ ಮುಖ ನೋಡುತ್ತೆ, ಇವತ್ತು ಹೇಗಿದಾಳೆ ಅಂತ. ಈಗ ಗಂಡ ಒಬ್ಬ ನೋಡ್ತಾನೆ, ಅದೇ ತಡ್ಕೊಳಕ್ಕಾಗಲ್ಲ. ಬೇಡ ಅಣ್ಣ. ಮೆಟ್ಟಿಲೇ ಮೇಲು.”

ಬಸ್ಸು ಇಲ್ಲದಿದ್ದರೆ ಮೆಟ್ಟಿಲೂ ಇರುವುದಿಲ್ಲ ಎಂದು ಹೇಳಬೇಕಾಯಿತು. ಹೇಳಿದ ಮೇಲೆ ಅಲ್ಲಿ ನಿಲ್ಲಲಾಗಲಿಲ್ಲ. ನೀನೇ ಹೇಳು, ಇದಕ್ಕೆ ನಿಮ್ಮ ನಿಯಮದಲ್ಲಿ ಏನಿದೆ?

ನಿನ್ನ ಅಪ್ಪ


ಜುಲೈ ೧೭

ಅಪ್ಪನಿಗೆ,

ಏನೂ ಇಲ್ಲ. ಹುಡುಕಿ ನೋಡಿದೆ.

ಅವರಿಗೆ ನನ್ನ ಕಡೆಯಿಂದ ಏನೂ ಹೇಳಬೇಡಿ. ಬಲವಂತವನ್ನಂತೂ ಮಾಡಲೇಬೇಡಿ. ವೈದ್ಯರ ಚೀಟಿ ಜೊತೆಯಲ್ಲಿದ್ದರೆ ಒಳ್ಳೆಯದು ಎಂದಷ್ಟೇ ತಿಳಿಸಿ. ತೋರಿಸುವುದೂ ಬಿಡುವುದೂ ಅವರಿಗೆ ಸೇರಿದ್ದು.

ಅತ್ತೆಯ ಮಾತನ್ನು ಎರಡು ಸಲ ಓದಿದೆ.

ನಿಮ್ಮ ಮಗಳು


ಆಗಸ್ಟ್ ೧೨

ಮಗಳೇ,

ಇವತ್ತು ಎಣಿಸುವವನು ಬಂದಿದ್ದ. ಈ ಸಲ ಪೇಟೆಯಲ್ಲಿ ಕಾಯದೆ ನಮ್ಮೂರಿಗೇ ಬಂದು ಬಸ್ಸು ಹತ್ತಿದ. ಹೇಗಾಯಿತು ಎಂದು ನೀನು ಕೇಳುವುದಿಲ್ಲ, ನನಗೆ ಗೊತ್ತು. ಆದರೂ ಬರೆಯುತ್ತೇನೆ.

ಊರಿನವರು ಮಾತು ಉಳಿಸಿಕೊಂಡರು. ನಾವೆಲ್ಲ ಆಲದ ಮರದ ಕೆಳಗೆ ಕೆಲಸವಿಲ್ಲದವರ ಹಾಗೆ ನಿಂತು ನೋಡುತ್ತಿದ್ದೆವು. ಬಸ್ಸಿನಲ್ಲಿ ಬೆರಳೆಣಿಕೆಯ ಜನ. ನಡುದಾರಿಯ ಶಾಲೆಗೆ ಹೋಗುವ ಹುಡುಗಿಯರು, ಒಬ್ಬ ಮುದುಕ, ನಮ್ಮ ಕಮ್ಮಾರ. ಕುಂಬಾರನ ಹೆಂಡತಿ ಬರುತ್ತಾಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹೋದ ಶುಕ್ರವಾರ ಬರಲಿಲ್ಲ, ಗಂಡ ಎತ್ತಿನ ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದ, ಸಂಜೆ ಬರುವಾಗ ಅವಳ ಮುಖ ಬೂದಿಯಾಗಿತ್ತು ಎಂದರು. ಡ್ರೈವರು ಹಾರನ್ ಹೊಡೆದು ಕಾದ. ಮತ್ತೊಮ್ಮೆ ಹೊಡೆದ. ಬಂದಳು. ಯಾರ ಕಡೆಯೂ ನೋಡದೆ ಹತ್ತಿ ಮುಂದಿನ ಸೀಟಿನಲ್ಲಿ ಕೂತಳು.

ಎಣಿಸುವವನು ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಕಿಟಕಿಗಳೆಲ್ಲ ತೆರೆದಿದ್ದರಿಂದ ನಮಗೂ ಕೇಳಿಸುತ್ತಿತ್ತು. ಕಮ್ಮಾರನನ್ನು “ಎಲ್ಲಿಗೆ, ಯಾಕೆ?” ಎಂದ. “ಕಬ್ಬಿಣ ತರೋಕೆ ಸ್ವಾಮಿ. ಈ ಸಲ ನಿಜವಾಗ್ಲೂ” ಎಂದುಬಿಟ್ಟ ಆ ಪುಣ್ಯಾತ್ಮ! ಅಧ್ಯಕ್ಷರು ಹಣೆ ಹಣೆ ಚಚ್ಚಿಕೊಂಡರು. ಎಣಿಸುವವನೂ ನಕ್ಕ. ಆಮೇಲೆ ಅವಳ ಹತ್ತಿರ ಬಂದ.

“ನೀವಮ್ಮ?”

“ಆಸ್ಪತ್ರೆಗೆ.”

“ಚೀಟಿ ಇದೆಯಾ?”

ಅವಳು ಚೀಲಕ್ಕೆ ಕೈ ಹಾಕಲಿಲ್ಲ. ರವಿಕೆಯ ತೋಳು ಮೇಲೆ ಸರಿಸಿ ಎಡಗೈ ಮುಂದೆ ಚಾಚಿದಳು. ಒಳಮಗ್ಗುಲಲ್ಲಿ ನರ ಹಗ್ಗದ ಹಾಗೆ ಉಬ್ಬಿಕೊಂಡಿತ್ತು. ಡಯಾಲಿಸಿಸ್ಸಿನ ಸೂಜಿ ಚುಚ್ಚಲು ಅಲ್ಲಿ ನರಕ್ಕೆ ನರ ಕೂಡಿಸುತ್ತಾರಂತೆ.

“ಮುಟ್ಟಿ ನೋಡಿ” ಎಂದಳು.

“ಬೇಡ ಬಿಡಿ ಅಮ್ಮ...”

“ಸುಳ್ಳು ಪ್ರಯಾಣಿಕರು ಅಂತ ಬರೆದುಕೊಂಡು ಹೋಗಿದ್ರಂತಲ್ಲ. ಮುಟ್ಟಿ.”

ಅವನು ಎರಡು ಬೆರಳು ಇಟ್ಟ. ತೆಗೆಯಲಿಲ್ಲ. ಅಲ್ಲಿ ರಕ್ತ ಗುಂಯ್ಗುಟ್ಟುತ್ತದೆಯಂತೆ, ಜೇನುಗೂಡಿನ ಮೇಲೆ ಕೈಯಿಟ್ಟ ಹಾಗೆ. ಆಮೇಲೆ ಅವನು ಬೇರೆ ಯಾರನ್ನೂ ಏನೂ ಕೇಳದೆ ಹಿಂದಿನ ಸೀಟಿಗೆ ಹೋಗಿ ಕೂತ.

ಆ ಕೆಂಪು ಶಾಯಿಯ ಮಾತು ಅವಳಿಗೆ ಹೇಗೆ ತಿಳಿಯಿತು ಎಂದು ನೀನು ಯೋಚಿಸುತ್ತೀಯ. ನಾನು ಹೇಳಿದ್ದಲ್ಲ. ನಿನ್ನತ್ತೆ ಇರುವ ಮನೆಯಲ್ಲಿ ಯಾವ ಪತ್ರವೂ ಒಬ್ಬರಿಗೇ ಬರುವುದಿಲ್ಲ.

ನಿನ್ನ ಅಪ್ಪ


ಸೆಪ್ಟೆಂಬರ್ ೨೦

ಅಪ್ಪನಿಗೆ,

ಆದೇಶ ಹೊರಬಿತ್ತು. ನಿಮ್ಮ ಪಂಚಾಯಿತಿಗೂ ಇಷ್ಟರಲ್ಲಿ ಬಂದಿರಬೇಕು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ, ಸಂಜೆ. ಉಳಿದ ದಿನ ಬಸ್ಸಿಲ್ಲ. ಶಾಲೆಯ ಹುಡುಗಿಯರಿಗೆ ಏನಾದರೂ ಆಗಬಹುದೇ ಎಂದು ಅಧಿಕಾರಿಯನ್ನು ಕೇಳಿದೆ. ಅವರು ಬೇರೆ ಅರ್ಜಿ ಕೊಡಲಿ ಎಂದರು. ಕೊಡಿಸಿ. ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲೇ ಬರೆಯಿರಿ.

ಆದೇಶದ ಕೊನೆಯ ಸಾಲನ್ನು ಕುಂಬಾರನ ಹೆಂಡತಿಗೆ ಯಾರೂ ಓದಿ ಹೇಳದಿದ್ದರೆ ಒಳ್ಳೆಯದಿತ್ತು. ‘ಸದರಿ ರೋಗಿಯ ಅಗತ್ಯವಿರುವವರೆಗೆ ಮಾತ್ರ’ ಎಂದಿದೆ. ಜುಲೈಯಲ್ಲಿ ಅವರು ಮಡಕೆ ತಿಕ್ಕುತ್ತ ಹೇಳಿದ್ದನ್ನೇ ನಾವು ಸೆಪ್ಟೆಂಬರಿನಲ್ಲಿ ಮೊಹರು ಹಾಕಿ ಹೇಳಿದ್ದೇವೆ.

ಬಸ್ಸು ಉಳಿಯಿತು ಎಂದು ಇಲ್ಲಿ ಒಬ್ಬರು ನನ್ನ ಹತ್ತಿರ ಸಿಹಿ ಕೇಳಿದರು. ಕೊಡಿಸಿದೆ. ನಾನು ತಿನ್ನಲಿಲ್ಲ.

ನಿಮ್ಮ ಮಗಳು


ಅಕ್ಟೋಬರ್ ೧೬

ಪ್ರೀತಿಯ ಮಗಳಿಗೆ,

ಕೊನೆಯ ಸಾಲನ್ನು ಅಧ್ಯಕ್ಷರು ಮೈಕಿನಲ್ಲೇ ಓದಿದರು. ಅವರಿಗೆ ಅದು ಸಿಹಿಸುದ್ದಿಯ ಭಾಗವಾಗಿ ಕಂಡಿತು.

ಅಂದಿನಿಂದ ಕುಂಬಾರನ ಮನೆಯ ಮುಂದೆ ಜನ ತಪ್ಪಿಲ್ಲ. ಒಬ್ಬರು ಮೊಟ್ಟೆ ತಂದಿಡುತ್ತಾರೆ, ಒಬ್ಬರು ಸೌದೆ ಒಡೆದು ಹಾಕುತ್ತಾರೆ. ಮಂಗಳವಾರ ಅಧ್ಯಕ್ಷರೇ ಅವಳ ಚೀಲ ಹೊತ್ತುಕೊಂಡು ಬಸ್ಸಿನವರೆಗೆ ಹೋಗುತ್ತಾರೆ. ಅವಳು ಒಂದು ಸಲ ಕೆಮ್ಮಿದರೆ ಆಚೆ ಬೀದಿಯಲ್ಲಿ ಇಬ್ಬರು ಎದ್ದು ನಿಲ್ಲುತ್ತಾರೆ. ಕಮ್ಮಾರ ದಿನಾ ಬೆಳಿಗ್ಗೆ ಬೇಲಿಯ ಆಚೆಯಿಂದ, “ನಿದ್ದೆ ಬಂತಾ ಅಕ್ಕಾ?” ಎಂದು ಕೂಗುತ್ತಾನಂತೆ. ಇವಳು, “ಬಂದಿತ್ತು ಕಣಯ್ಯ, ನೀನು ಎಬ್ಬಿಸಿದೆ” ಎನ್ನುತ್ತಾಳಂತೆ. ಬಾಯಿಯೇನೂ ಸೋತಿಲ್ಲ. ಆದರೆ ಹೋದ ವಾರ ನಿನ್ನತ್ತೆ ತಂಬಿಗೆ ತುಂಬ ಹಾಲು ತೆಗೆದುಕೊಂಡು ಹೋದಾಗ ಅದನ್ನು ಮುಟ್ಟದೆ, “ಅಕ್ಕಾ, ನೀವು ನನ್ನನ್ನ ನೋಡೋಕೆ ಬರ್ತೀರೋ, ಬಸ್ಸನ್ನ ನೋಡೋಕೆ ಬರ್ತೀರೋ?” ಎಂದಳಂತೆ. ನಿನ್ನತ್ತೆ ಮನೆಗೆ ಬಂದು ಹಾಲನ್ನು ಹಾಗೇ ಒಲೆಯ ಮೇಲಿಟ್ಟು, “ನಿನ್ನನ್ನೇ ಅಂತ ಹೇಳೋಕೆ ಹೊರಟೆ ಕಣೋ. ಮಾತು ಹೊರಡಲಿಲ್ಲ” ಎಂದಳು.

ಆ ಪ್ರಶ್ನೆಯನ್ನು ಅವಳು ಆಮೇಲೆ ಎಲ್ಲರನ್ನೂ ಕೇಳಿದ್ದಾಳೆ. ಅಧ್ಯಕ್ಷರು, “ಛೆ ಛೆ, ನಿನ್ನನ್ನೇ ಕಣಮ್ಮ, ಬಸ್ಸು ಯಾವ ಲೆಕ್ಕ” ಎಂದರಂತೆ. ಅವತ್ತಿನಿಂದ ಅವಳು ಚೀಲ ತಾನೇ ಹೊರುತ್ತಾಳೆ.

ನಿನ್ನೆ ನಾನು ಹೋಗಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಏನಾದರೂ ಒಯ್ಯೋಣವೆಂದರೆ ಅದಕ್ಕೊಂದು ಅರ್ಥ ಬರುತ್ತದಲ್ಲ ಎಂದು ಬಿಟ್ಟೆ. ಅವಳು ಹಿತ್ತಲಲ್ಲೇ ಇದ್ದಳು. ಕೆಲಸವಿಲ್ಲ, ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು. ಕಾಲು ಊದಿಕೊಂಡಿತ್ತು.

“ಬನ್ನಿ ತಕ್ಕಡಿ ಅಣ್ಣ. ನಿಮ್ಮನ್ನ ಕೇಳೋದು ಬಾಕಿ ಇತ್ತು” ಎಂದಳು. “ನೀವು ಯಾರನ್ನ ನೋಡೋಕೆ ಬಂದ್ರಿ?”

ದಾರಿಯುದ್ದಕ್ಕೂ ನಾನು ಉತ್ತರ ಕಟ್ಟಿಕೊಂಡು ಹೋಗಿದ್ದೆ. ಮೊದಲ ವಾಕ್ಯ ‘ಟು ಬಿ ಫ್ರಾಂಕ್’ ಎಂದೇ ಇತ್ತು. ಎದುರಿಗೆ ನಿಂತಾಗ ಎಲ್ಲ ಹಾರಿಹೋಯಿತು.

“ಎರಡನ್ನೂ ಕಣಮ್ಮ” ಎಂದೆ.

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಪಕ್ಕದ ಮಣೆಯ ಮೇಲಿನ ಮಣ್ಣು ಕೊಡವಿ, “ಕೂತ್ಕೊಳ್ಳಿ” ಎಂದಳು.

ಕೂತೆ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಬಟ್ಟಿ ಮುಚ್ಚಲು ಬಾರದೆ ಒಂದು ಇಡೀ ಸುತ್ತು ಮಡಕೆ ಒಡೆದದ್ದು, ಅವಳತ್ತೆ ಬೈಯದೆ ಪಕ್ಕದಲ್ಲಿ ಕೂತು ಬೋಕಿ ಚೂರು ಆರಿಸಿದ್ದು ಹೇಳಿದಳು. ನಾನು ನಿಮ್ಮಮ್ಮನ ವಿಷಯ ಹೇಳಿದೆ, ನಿನಗೂ ಹೇಳದ ಒಂದೆರಡು ಸಂಗತಿ. ಬಿಸಿಲು ಗೋಡೆಯಿಂದ ಇಳಿದು ಆಚೆ ಹೋಯಿತು. ಕುಂಬಾರ ಬಂದು ದೀಪ ಹಚ್ಚಿದ. ಬಸ್ಸಿನ ಮಾತು ಬರಲೇ ಇಲ್ಲ.

ನಿನ್ನ ಅಪ್ಪ